ಇಲ್ನೋಡು ಪುಟ್ಟ

ಮಕ್ಕಳ ಫೋಟೋ ಚೆನ್ನಾಗಿ ಬರಬೇಕಾದರೆ ಮೊದಲು ನೆಲಕ್ಕೆ ಇಳಿಯಬೇಕು. ನಿಂತುಕೊಂಡು ತೆಗೆದರೆ ತಲೆ ದಪ್ಪಗೆ, ಕಾಲು ಮೊಂಡಾಗಿ, ಮಗು ಮೂಲೆಯಲ್ಲಿಟ್ಟ ಕುಂಬಳಕಾಯಿಯ ಹಾಗೆ ಕಾಣುತ್ತದೆ. ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ, ಮಗುವಿನ ಕಣ್ಣಿನ ಎತ್ತರಕ್ಕೆ ಫೋನು ಹಿಡಿಯಬೇಕು. ಕಿಟಕಿಯ ಬೆಳಕು ಒಂದು ಕೆನ್ನೆಯ ಮೇಲೆ ಬೀಳಬೇಕು, ಫ್ಲ್ಯಾಶ್ ಹಾಕಬಾರದು. ತೆಗೆಯುವ ಮೊದಲು ಲೆನ್ಸನ್ನು ಸೆರಗಿನಿಂದ ಒರೆಸಬೇಕು, ಏಕೆಂದರೆ ತಾಯಂದಿರ ಫೋನಿನ ಮೇಲೆ ಯಾವಾಗಲೂ ತುಪ್ಪವೋ ಎಣ್ಣೆಯೋ ಇರುತ್ತದೆ. ಇದನ್ನೆಲ್ಲ ನನಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಫೋನಿನಲ್ಲಿ ಬರುವ ವಿಡಿಯೋ ನೋಡಿ, ದಿನಕ್ಕೆ ಐವತ್ತರವತ್ತು ಫೋಟೋ ಕೆಡಿಸಿ ಕಲಿತೆ. ಕಲಿಯದೆ ಬೇರೆ ಕೆಲಸವೂ ಇರಲಿಲ್ಲ.

ನಮ್ಮ ಮನೆ ಬಟವಾಡಿಯಲ್ಲಿ, ಹೈವೇಗೆ ಹತ್ತಿರ, ಎರಡನೇ ಮಹಡಿ. ಕೆಳಗೆ ಟೈರಿನ ಅಂಗಡಿ, ಅದರ ಮೇಲೆ ಮನೆ ಓನರು, ಅವರ ಮೇಲೆ ನಾವು. ಮೆಟ್ಟಿಲಿಗೆ ಕಂಬಿ ಹಾಕಿಸಿರಲಿಲ್ಲ. ಹಾಗಾಗಿ ಮಗ ಅಂಬೆಗಾಲಿಡಲು ಶುರು ಮಾಡಿದ ಮೇಲೆ ಬಾಗಿಲು ಸದಾ ಚಿಲಕ ಹಾಕಿಯೇ ಇರುತ್ತಿತ್ತು. ಗಂಡ ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆ. ಅಲ್ಲಿಯವರೆಗೆ ನಾನು, ಮಗು, ಒಂದು ಹಾಲ್, ಒಂದು ರೂಮು. ಮದುವೆಗೆ ಮೊದಲು ಕುಣಿಗಲ್ಲಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನಲವತ್ತು ಮಕ್ಕಳನ್ನು ಒಂದೇ ಗದರಿಕೆಗೆ ತೆಪ್ಪಗೆ ಕೂರಿಸುತ್ತಿದ್ದವಳನ್ನು ಒಂದೇ ಒಂದು ಮಗು ಕಟ್ಟಿಹಾಕಿತ್ತು. ತಾಯಿಯಾದವಳು ಹೀಗೆ ಹೇಳಬಹುದೆ ಎಂದು ಕೇಳುವವರಿದ್ದಾರೆ. ಕೇಳಲಿ, ನನಗೇನು.

ಅತ್ತೆ ಇರುವುದು ಗುಬ್ಬಿ ತಾಲ್ಲೂಕಿನ ಕಡಬದ ಹತ್ತಿರದ ಊರಿನಲ್ಲಿ, ಮೈದುನನ ಜೊತೆ. ಅವರಿಗೆ ಫೋನಿಲ್ಲ, ಮೈದುನನ ಹೆಂಡತಿಯ ಫೋನೇ ಅವರ ಫೋನು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದವರು ಜಗುಲಿಯ ಮೇಲೆ ಕೂತು ಮೊಮ್ಮಗನ ಫೋಟೋ ಕೇಳುತ್ತಿದ್ದರು. ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ನಾನು ದಿನವೂ ಒಂದು ಫೋಟೋ ಹಾಕಬೇಕು. ಒಂದು ದಿನ ತಪ್ಪಿದರೆ ಮಗುವಿಗೆ ಜ್ವರವೇ ಎಂದು ಗಂಡನ ಫೋನಿಗೆ ಕರೆ ಹೋಗುತ್ತಿತ್ತು. ನಾನು ಹಾಕಿದ ಮೊದಮೊದಲ ಫೋಟೋಗಳು ದೇವರಿಗೇ ಪ್ರೀತಿ. ಒಂದರಲ್ಲಿ ಹಣೆ ಇಲ್ಲ, ಇನ್ನೊಂದರಲ್ಲಿ ಹಿಂದೆ ಒಣಗಿಹಾಕಿದ ಲಂಗ ಮಗುವಿಗಿಂತ ಸ್ಪಷ್ಟವಾಗಿದೆ. ಅತ್ತೆ ಒಂದು ದಿನ ಫೋನು ಮಾಡಿಸಿ ಹೇಳಿದರು.

"ಇದೇನ್ ಫೋಟೋನೇ, ಮಗ ಎತ್ಲಾಗೋ ನೋಡ್ತದೆ. ನಮ್ ಕಡೆ ನೋಡಂಗೆ ತೆಗಿ."

ನನಗೆ ಹಟ ಬಂತು. ವಿಡಿಯೋದವರು ಹೇಳಿದ ಹಾಗೆ ಫೋನಿನ ಹಿಂದೆ ಬೀಗದ ಕೈ ಗೊಂಚಲು ಅಲ್ಲಾಡಿಸಿದೆ. ಮಗ ನೋಡಲಿಲ್ಲ. ಚಿಟಿಕೆ ಹೊಡೆದೆ, ಬೆಕ್ಕಿನ ಹಾಗೆ ಕೂಗಿದೆ, ಇಲ್ನೋಡು ಪುಟ್ಟ ಇಲ್ನೋಡು ಪುಟ್ಟ ಎಂದು ಗಂಟಲು ಹರಿದುಕೊಂಡೆ. ಅವನು ಚಾಪೆಯ ಅಂಚು ಕೀಳುತ್ತಾ ತನ್ನ ಪಾಡಿಗೆ ಇದ್ದ. ಎಷ್ಟು ಜಂಬ ನೋಡು ಇವನಿಗೆ, ಅಪ್ಪನ ಹಾಗೆಯೇ ಅಂದುಕೊಂಡೆ. ಅಡುಗೆಮನೆಗೆ ಹೋಗಿ ಉಪ್ಪಿನಕಾಯಿ ಡಬ್ಬಿಯ ಕೆಂಪು ಮುಚ್ಚಳ ತಂದು ಫೋನಿನ ಪಕ್ಕ ಆಡಿಸಿದೆ. ತಟ್ಟನೆ ತಲೆಯೆತ್ತಿದ. ಇನ್ನೊಮ್ಮೆ ಆಡಿಸಿದರೆ ಬಾಯಿ ತುಂಬ ನಕ್ಕ, ಕೆಳಗಿನ ಎರಡು ಹಲ್ಲು ಕಾಣುವ ಹಾಗೆ.

ಆ ಫೋಟೋ ಗುಂಪಿಗೆ ಹಾಕಿದ ದಿನ ನನಗೆ ಬಂದಷ್ಟು ಹೊಗಳಿಕೆ ಮದುವೆಯ ದಿನವೂ ಬಂದಿರಲಿಲ್ಲ. ಅತ್ತೆ ಅದನ್ನು ಅಕ್ಕಪಕ್ಕದ ಮನೆಗಳಿಗೆಲ್ಲ ತೋರಿಸಿಕೊಂಡು ಬಂದರಂತೆ. ಅಲ್ಲಿಂದ ಮುಚ್ಚಳ ನನ್ನ ಎಡಗೈ ಬಿಡಲಿಲ್ಲ. ಶಬ್ದಕ್ಕಿಂತ ಬಣ್ಣವೇ ಮಕ್ಕಳಿಗೆ ಇಷ್ಟ ಎಂದು ಓರಗಿತ್ತಿಗೂ ಬುದ್ಧಿ ಹೇಳಿದೆ. ಮಗು ಬಹಳ ಒಳ್ಳೆಯದು ಎಂಬ ಹೆಸರು ಬೇರೆ ಬಂತು. ಕೆಳಗೆ ಟೈರಿಗೆ ಗಾಳಿ ತುಂಬಿ ಸುತ್ತಿಗೆಯಲ್ಲಿ ಬಡಿಯುವಾಗ, ಹೈವೇಯಲ್ಲಿ ಲಾರಿಗಳು ಹಾರನ್ ಹೊಡೆಯುವಾಗ, ಕುಕ್ಕರು ನಾಲ್ಕು ಸಲ ಕೂಗುವಾಗ ಅವನು ಹಾಯಾಗಿ ಮಲಗಿರುತ್ತಿದ್ದ. ಇಂಥ ಮಗು ಸಿಗಲು ಪುಣ್ಯ ಮಾಡಿರಬೇಕು ಎಂದು ಓನರಮ್ಮ ಹೇಳಿದಾಗ ನಾನು ಬೀಗಿದ್ದೂ ನಿಜ.

ಮಗನಿಗೆ ಒಂಬತ್ತು ತಿಂಗಳಾದಾಗ ಅಮೃತೂರಿನಲ್ಲಿ ನನ್ನ ಅಕ್ಕನ ಮಗಳ ಮೊದಲ ಹುಟ್ಟುಹಬ್ಬ. ಫೋಟೋ ನೀನೇ ತೆಗೆಯಬೇಕು ಎಂದು ಅಕ್ಕ ಕಟ್ಟಪ್ಪಣೆ ಮಾಡಿದ್ದಳು. ಎರಡೂ ಮಕ್ಕಳನ್ನು ನಡುಮನೆಯಲ್ಲಿ ಒಂದೇ ಚಾಪೆಯ ಮೇಲೆ ಕೂರಿಸಿ, ಬಾಗಿಲಿನ ಬೆಳಕು ಮುಖಕ್ಕೆ ಬೀಳುವಂತೆ ಮಾಡಿ, ನಾನು ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಒರಗಿದೆ. ಗುಂಡಿ ಒತ್ತಿಹಿಡಿದರೆ ಫೋನು ಪಟಪಟನೆ ಒಂದರ ಹಿಂದೆ ಒಂದು ಫೋಟೋ ತೆಗೆಯುತ್ತದೆ. ಮಕ್ಕಳಿಗೆ ಅದೇ ಸರಿ, ಅಷ್ಟರಲ್ಲಿ ಒಂದಾದರೂ ಚೆನ್ನಾಗಿ ಬರುತ್ತದೆ. ಮುಚ್ಚಳ ಆಡಿಸಿ ಗುಂಡಿ ಒತ್ತಿದೆ. ಅದೇ ಹೊತ್ತಿಗೆ ಹಿಂದಿನ ಅಡುಗೆಮನೆಯಲ್ಲಿ ಯಾರೋ ಅನ್ನದ ಬೋಸಿ ಕೆಡವಿದರು. ನಾವೆಲ್ಲ ಬೆಚ್ಚಿದೆವು. ಅಕ್ಕನ ಮಗಳು ಅಳಲು ಶುರು ಮಾಡಿತು, ಅಲ್ಲಿಗೆ ಫೋಟೋ ನಿಂತಿತು.

ಊಟವಾದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತು ತೆಗೆದದ್ದನ್ನು ನೋಡಿದೆ. ಹನ್ನೊಂದು ಫೋಟೋ ಬಂದಿದ್ದವು. ಮೊದಲ ಮೂರರಲ್ಲಿ ಇಬ್ಬರೂ ನನ್ನ ಕಡೆ ನೋಡುತ್ತಿದ್ದರು. ನಾಲ್ಕನೆಯದರಲ್ಲಿ ಅಕ್ಕನ ಮಗಳ ಭುಜ ಮೇಲೆದ್ದಿತ್ತು, ಐದನೆಯದರಲ್ಲಿ ಕತ್ತು ಹಿಂದಕ್ಕೆ ತಿರುಗಿತ್ತು, ಆರನೆಯದರಲ್ಲಿ ಮುಖವೇ ಇರಲಿಲ್ಲ, ಜುಟ್ಟು ಮಾತ್ರ. ನನ್ನ ಮಗ ಹನ್ನೊಂದರಲ್ಲೂ ನಗುತ್ತಿದ್ದ. ಅದೇ ನಗು, ಅದೇ ಕಣ್ಣು, ರೆಪ್ಪೆ ಸಹ ಮುಚ್ಚಿರಲಿಲ್ಲ. ಮುಂದಕ್ಕೂ ಹಿಂದಕ್ಕೂ ಎಷ್ಟು ಸಲ ಸರಿಸಿದೆನೋ. ಅಲ್ಲೇ ಕೂತು ಹನ್ನೊಂದನ್ನೂ ಅಳಿಸಿಹಾಕಿದೆ. ಅಕ್ಕ ಕೇಳಿದಾಗ ಯಾವುದೂ ಚೆನ್ನಾಗಿ ಬರಲಿಲ್ಲ ಅಂದೆ.

ಯಾಕೆ ಅಳಿಸಿದೆ ಎಂದು ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಹೆದರಿಕೆ ಎಂದು ಹೇಳಿದರೆ ಪೂರ್ತಿ ನಿಜವಲ್ಲ. ಗಂಡನ ಮನೆಯಲ್ಲಿ ನನಗೆ ಸಿಕ್ಕ ಒಂದೇ ಒಂದು ಮರ್ಯಾದೆ ಆ ಫೋಟೋಗಳಿಂದ ಬಂದದ್ದು. ಮಗುವನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ನೋಡು ಹೇಗೆ ನಗುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದರು. ದಿನಾ ಬೆಳಗ್ಗೆ ಮುಚ್ಚಳ ಕೈಗೆ ತೆಗೆದುಕೊಳ್ಳುವಾಗ ಇವತ್ತು ಮೊದಲು ಕರೆದು ನೋಡುತ್ತೇನೆ ಅಂದುಕೊಳ್ಳುತ್ತಿದ್ದೆ. ಕರೆಯಲು ಬಾಯಿ ಬರುತ್ತಿರಲಿಲ್ಲ. ಕರೆದು, ಅವನು ತಿರುಗದಿದ್ದರೆ, ಆ ಚಿಲಕ ಹಾಕಿದ ಮನೆಯಲ್ಲಿ ನಾನು ಅದನ್ನು ಇಟ್ಟುಕೊಂಡು ಏನು ಮಾಡಲಿ? ಮುಚ್ಚಳ ಆಡಿಸುತ್ತಿದ್ದೆ, ಅವನು ನಗುತ್ತಿದ್ದ, ಗುಂಪಿಗೆ ಹಾಕುತ್ತಿದ್ದೆ. ಎರಡು ತಿಂಗಳು ಹೀಗೇ ಕಳೆಯಿತು.

ಹನ್ನೊಂದನೇ ತಿಂಗಳಲ್ಲಿ ಮುಡಿ ತೆಗೆಸುವುದೆಂದು ಗೊತ್ತಾಯಿತು. ನಮ್ಮ ಕಡೆ ಗಂಡುಮಗುವಿನ ಮೊದಲ ಕೂದಲು ತೆಗೆಯುವ ಮೊದಲು ಹೆಣ್ಣುಮಗುವಿನ ಹಾಗೆ ಸಿಂಗಾರ ಮಾಡಿ ಫೋಟೋ ತೆಗೆಸುತ್ತಾರೆ. ಲಂಗ, ಬಳೆ, ಡಾಬು, ಮೊಗ್ಗಿನ ಜಡೆ, ಜಡೆ ಕಾಣಲು ಹಿಂದೊಂದು ಕನ್ನಡಿ. ಇದಕ್ಕೆ ಮಾತ್ರ ಫೋನು ಆಗದು, ಸ್ಟುಡಿಯೋದಲ್ಲೇ ಆಗಬೇಕು ಎಂದರು ಅತ್ತೆ. ಗಂಡ, ಅತ್ತೆ, ನಾನು ಮಗುವನ್ನು ಎತ್ತಿಕೊಂಡು ಗುಬ್ಬಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ಸ್ಟುಡಿಯೋ. ಗಂಡನ ಮೊದಲ ಫೋಟೋವನ್ನೂ ಅಲ್ಲೇ ತೆಗೆಸಿದ್ದರಂತೆ, ತೆಗೆದವರೂ ಈ ಫೋಟೋದವರೇ, ಈಗ ಅವರ ತಲೆಯೆಲ್ಲ ಬೆಳ್ಳಗಾಗಿತ್ತು.

ಅವರ ಪದ್ಧತಿ ಬೇರೆ. ಕ್ಯಾಮೆರಾದ ಹಿಂದೆ ಮುಖ ಮರೆಮಾಡಿಕೊಂಡು ನಾಲಿಗೆಯಲ್ಲಿ ಟಕ್ ಟಕ್ ಎಂದು ಎರಡು ಸಲ ಸದ್ದು ಮಾಡುತ್ತಾರೆ, ಮಗು ನೋಡುತ್ತದೆ, ಮುಗಿಯಿತು. ಅಂದೂ ಟಕ್ ಟಕ್ ಎಂದರು. ಮಗ ತನ್ನ ಬಳೆ ನೋಡಿಕೊಳ್ಳುತ್ತಿದ್ದ. ಇನ್ನೂ ಜೋರಾಗಿ ಮಾಡಿದರು. ಗಂಟೆ ಬಾರಿಸಿದರು. ಆಮೇಲೆ ಕ್ಯಾಮೆರಾ ಬಿಟ್ಟು ಕನ್ನಡಿಯ ಹಿಂದೆ ಹೋಗಿ ಅಲ್ಲಿಂದ ಚಪ್ಪಾಳೆ ಹೊಡೆದರು, ಮಗ ಅದಕ್ಕೂ ತಿರುಗಲಿಲ್ಲ. ಅವರು ಯಾಕೆ ಹಾಗೆ ಮಾಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ಅವರು ಹೊರಗೆ ಬಂದು ಕನ್ನಡಕ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿ ಮೆಲ್ಲಗೆ ಹೇಳಿದರು.

"ಅಮ್ಮಾ, ಈ ಮಗೂಗೆ ಒಂದ್ಸಲ ಕಿವಿ ತೋರಿಸ್ಬಿಡಿ."

ಗಂಡನ ಮುಖ ಕೆಂಪಾಯಿತು. ಮಕ್ಕಳ ಫೋಟೋ ತೆಗೆಯಲು ಬರದಿದ್ದರೆ ಬರುವುದಿಲ್ಲ ಅನ್ನಿ, ನಮ್ಮ ಮಗುವಿಗೆ ಯಾಕೆ ಹೆಸರಿಡುತ್ತೀರಿ ಎಂದ. ಅತ್ತೆ ಮಗುವಿನ ಲಂಗ ಸರಿಮಾಡಿ, ನನ್ನ ಕಡೆ ತಿರುಗಿ, ನೀನೇ ತೆಗಿ ಬಾ ಅಂದರು. ವ್ಯಾನಿಟಿ ಬ್ಯಾಗಿನಲ್ಲಿ ಮುಚ್ಚಳವಿತ್ತು. ತೆಗೆಯದೆ ಇರಬಹುದಿತ್ತು. ಎರಡೂ ಕೈ ಕಟ್ಟಿಕೊಂಡು ಕರೆದಿದ್ದರೆ ಅಲ್ಲೇ ಎಲ್ಲ ಮುಗಿಯುತ್ತಿತ್ತು. ನಾನು ಮೊಣಕಾಲೂರಿ ಕೂತು ಮುಚ್ಚಳ ಆಡಿಸಿದೆ. ಮಗ ಮೊಗ್ಗಿನ ಜಡೆ ಅಲ್ಲಾಡುವ ಹಾಗೆ ನಕ್ಕ. ನೋಡಿದ್ರಾ ಎಂದು ಗಂಡ ಫೋನನ್ನು ಅವರ ಮುಖಕ್ಕೇ ಹಿಡಿದ. ಅವರು ಫೋಟೋವನ್ನು ದೊಡ್ಡದು ಮಾಡಿ ಒಂದು ನಿಮಿಷ ನೋಡಿದರು. ಚೆನ್ನಾಗಿದೆ, ಆದರೆ ಮಗುವಿನ ಕಣ್ಣು ಕ್ಯಾಮೆರಾದ ಮೇಲಿಲ್ಲ, ಪಕ್ಕದಲ್ಲಿ ಅಮ್ಮನ ಕೈ ಮೇಲಿದೆ ಎಂದರು. ಗಂಡನಿಗೆ ಅದು ಅರ್ಥವಾಗಲಿಲ್ಲ. ನನಗೆ ಆಯಿತು, ಫೋನು ಇಸಿದುಕೊಂಡು ಬ್ಯಾಗಿಗೆ ಹಾಕಿದೆ.

ಆ ಫೋಟೋ ದೊಡ್ಡದಾಗಿ ಕಟ್ಟು ಹಾಕಿಸಿಕೊಂಡು ಕಡಬದ ಮನೆಯ ನಡುಮನೆ ಸೇರಿತು. ವರ್ಷ ತುಂಬಿತು, ಮಗ ಅಮ್ಮ ಅನ್ನಲಿಲ್ಲ. ನಮ್ಮ ವಂಶದಲ್ಲಿ ಗಂಡುಮಕ್ಕಳಿಗೆ ಮಾತು ನಿಧಾನ ಎಂದರು. ಅತ್ತೆ ಬಜೆ ತಂದುಕೊಟ್ಟರು, ಅದನ್ನು ತೇದು ಜೇನುತುಪ್ಪದಲ್ಲಿ ದಿನಾ ಅವನ ನಾಲಿಗೆಗೆ ಹಚ್ಚಿದೆ. ಮಾತು ಬರಲೆಂದು ಹಚ್ಚುವಾಗ, ತಪ್ಪು ಜಾಗಕ್ಕೆ ಔಷಧಿ ಮಾಡುತ್ತಿದ್ದೇನೆಂದು ಗೊತ್ತಿದ್ದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಒಂದು ಸಂಜೆ ತಡೆಯಲಾರದೆ, ಒಂದು ಸಲ ಕಿವಿ ತೋರಿಸೋಣ ಎಂದು ಗಂಡನಿಗೆ ಹೇಳಿದೆ. ಅವನು ಕೂಗಾಡುವವನಲ್ಲ. ನನ್ನ ಪಕ್ಕ ಕೂತು, ನನ್ನದೇ ಫೋನು ತೆಗೆದು, ನಾನೇ ತೆಗೆದ ಫೋಟೋಗಳನ್ನು ಒಂದೊಂದಾಗಿ ತೋರಿಸಿದ.

"ಇಲ್ನೋಡು, ಹೆಂಗ್ ನೋಡ್ತವ್ನೆ. ಇದ್ನೋಡು. ನೀನ್ ಕರದಾಗೆಲ್ಲ ನೋಡವ್ನಲ್ಲ ಕಣೇ, ಕಿವಿ ಕೇಳ್ದಿದ್ರೆ ನೋಡ್ತಿದ್ನಾ?"

ನೂರಾರು ಫೋಟೋ. ಎಲ್ಲದರಲ್ಲೂ ನನ್ನ ಮಗ ಕರೆದರೆ ನೋಡುವ ಮಗು. ನಾನು ಒಂದೊಂದನ್ನೂ ಬೆಳಕು ನೋಡಿ, ಹೊತ್ತು ನೋಡಿ, ನೆಲಕ್ಕೆ ಬಿದ್ದು ತೆಗೆದು, ನನ್ನನ್ನೇ ಒಳಗೆ ಹಾಕಿಕೊಂಡು ಗೋಡೆ ಕಟ್ಟಿದ್ದೆ. ಮುಚ್ಚಳದ ಮಾತು ಬಾಯಿಯವರೆಗೆ ಬಂತು. ಹಾಗಾದರೆ ಇಷ್ಟು ದಿನ ನಮ್ಮನ್ನೆಲ್ಲ ಮಂಗ ಮಾಡಿದೆಯಾ ಎಂದು ಕೇಳಿದರೆ ಏನು ಹೇಳಲಿ ಅನ್ನಿಸಿತು. ಎದ್ದುಹೋಗಿ ಚಪಾತಿ ಹಿಟ್ಟು ಕಲಸಿದೆ.

ಹದಿನಾರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹತ್ತು ನಿಮಿಷವೋ ಹದಿನೈದೋ ಆಗಿರಬೇಕು. ಮಗ ಮಲಗಿದ್ದಾನೆ ಅಂದುಕೊಂಡಿದ್ದೆ. ಕೈ ಒರೆಸಿಕೊಂಡು ತಿರುಗಿದರೆ ಅವನು ಬಾಗಿಲು ಹಿಡಿದು ನಿಂತಿದ್ದಾನೆ. ಕೈಯಲ್ಲಿ ಕೆಂಪು ಮುಚ್ಚಳ. ಅದನ್ನು ನನ್ನ ಬೆನ್ನಿನ ಕಡೆಗೆ ಆಡಿಸುತ್ತಿದ್ದ, ನಾನು ಹೇಗೆ ಆಡಿಸುತ್ತಿದ್ದೆನೋ ಹಾಗೆಯೇ, ಎರಡು ಸಲ ಆ ಕಡೆ, ಎರಡು ಸಲ ಈ ಕಡೆ. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದನೋ. ಕರೆಯುವುದೆಂದರೆ ಇದೇ ಎಂದು ಅವನು ತಿಳಿದಿದ್ದ, ಕಲಿಸಿದವಳು ನಾನು. ತಾನು ಕರೆದರೂ ಅಮ್ಮ ತಿರುಗುತ್ತಿಲ್ಲವಲ್ಲ ಎಂದು ಅವನಿಗೆ ಎಷ್ಟು ಸಂಕಟವಾಗಿರಬೇಕು. ಅವನನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ, ಜೋರಾಗಿ, ಕೆಳಗಿನ ಮನೆಯವರಿಗೆ ಕೇಳುವಷ್ಟು.

ಅಳು ನಿಂತ ಮೇಲೆ ಫೋನನ್ನು ಕಪಾಟಿಗೆ ಒರಗಿಸಿ ವಿಡಿಯೋ ಹಾಕಿದೆ. ಮಗನನ್ನು ನನಗೆ ಬೆನ್ನು ಮಾಡಿ ಕೂರಿಸಿದೆ. ಅವನ ಹಿಂದೆ ನಿಂತು, ಎರಡೂ ಕೈ ಕಾಣುವ ಹಾಗೆ ಎದೆಯ ಮೇಲೆ ಕಟ್ಟಿಕೊಂಡು ಕರೆದೆ. ಪುಟ್ಟ ಅಂದೆ, ಕಂದ ಅಂದೆ, ಹೆಸರಿಡುವಾಗ ಕಿವಿಯಲ್ಲಿ ಹೇಳಿದ ಹೆಸರನ್ನು ಪೂರ್ತಿಯಾಗಿ ಹೇಳಿ ಕರೆದೆ. ಆಮೇಲೆ ತಟ್ಟೆ ತೆಗೆದುಕೊಂಡು ಸೌಟಿನಿಂದ ಬಾರಿಸಿದೆ. ಒಂದು ನಿಮಿಷದ ವಿಡಿಯೋ. ಫೋಟೋದ ಲೆಕ್ಕದಲ್ಲಿ ನೋಡಿದರೆ ಎಲ್ಲ ತಪ್ಪು: ಬೆಳಕು ಎದುರಿಗೆ, ಹಿಂದೆ ಒಣಗಿದ ಬಟ್ಟೆ, ಮಗುವಿನ ಮುಖವೇ ಇಲ್ಲ. ಅಂದಿನ ಫೋಟೋದ ಬದಲಿಗೆ ಅದನ್ನೇ ಗುಂಪಿಗೆ ಹಾಕಿ ಫೋನು ಮಗುಚಿಟ್ಟೆ.

ಗಂಡ ಕಂಪನಿ ಬಸ್ಸಿಗೆ ಕಾಯದೆ ಆಟೋದಲ್ಲಿ ಬಂದ. ಚಪ್ಪಲಿ ಬಿಡದೆ ಒಳಗೆ ಬಂದು ಮಗನ ಹಿಂದೆ ಕೂತು ಕರೆದ, ಮತ್ತೆ ಮತ್ತೆ ಕರೆದ. ಆ ಫೋಟೋಗಳು ಹೇಗೆ ಎಂದು ಕೇಳಿದಾಗ ಮುಚ್ಚಳ ತೋರಿಸಿದೆ. ಅವನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಡಬದಲ್ಲಿ ನಡೆದದ್ದನ್ನು ಓರಗಿತ್ತಿ ಆಮೇಲೆ ಹೇಳಿದಳು. ಅತ್ತೆ ವಿಡಿಯೋವನ್ನು ಮೂರು ಸಲ ಹಾಕಿಸಿಕೊಂಡು ನೋಡಿದರಂತೆ. ಮೂರನೆಯ ಸಲ ವಿಡಿಯೋದಲ್ಲಿ ಕರೆಯುತ್ತಿದ್ದ ನನ್ನ ಜೊತೆ ತಾವೂ ಫೋನಿನ ಮೇಲೆ ಬಗ್ಗಿ, ಇಲ್ನೋಡ್ಲಾ ಮಗ, ಇತ್ಲಾಗ್ ನೋಡ್ಲಾ ಎಂದು ಕರೆದರಂತೆ. ಮಾರನೆಯ ದಿನ ಮೊದಲ ಬಸ್ಸಿಗೆ ನಮ್ಮ ಮನೆಯ ಮುಂದೆ ಇದ್ದರು.

ಕಿವಿ ಪರೀಕ್ಷೆ ಮಾಡುವ ಜಾಗ ಬಟವಾಡಿಯಲ್ಲೇ ಇತ್ತು, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಮಗನನ್ನು ನಿದ್ದೆ ಮಾಡಿಸಿ, ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಮುಗಿದ ಮೇಲೆ ಅಲ್ಲಿನ ಮೇಡಂ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಎರಡೂ ಕಿವಿ ಕೇಳುತ್ತಿಲ್ಲ ಎಂದರು. ಮೆಷಿನ್ ಹಾಕಿ ನೋಡೋಣ, ಅದರಲ್ಲಿ ಆಗದಿದ್ದರೆ ಆಪರೇಷನ್ ಇದೆ, ಮಾತು ಕಲಿಸಬಹುದು, ಆದರೆ ಇಂಥದ್ದಕ್ಕೆ ಒಂದೊಂದು ತಿಂಗಳೂ ಮುಖ್ಯ ಎಂದರು. ಆಮೇಲೆ ಫಾರಮ್ಮು ತೆಗೆದು, ನಿಮಗೆ ಮೊದಲು ಅನುಮಾನ ಬಂದದ್ದು ಯಾವಾಗ ಎಂದು ಕೇಳಿದರು.

ಮೊನ್ನೆ ಮೇಡಂ ಎಂದ ಗಂಡ. ಅವರು ಪೆನ್ನು ಎತ್ತಿದರು. ಅಮೃತೂರಿನ ಆ ಫೋಟೋಗಳ ವಿಷಯ ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ, ಸುಮ್ಮನಿದ್ದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ.

"ಮೊನ್ನೆ ಅಲ್ಲ," ಅಂದೆ. "ಅವನಿಗೆ ಒಂಬತ್ತು ತಿಂಗಳಿದ್ದಾಗ. ನಂಗೆ ಗೊತ್ತಿತ್ತು."

ಗಂಡ ನನ್ನ ಕಡೆ ತಿರುಗಿದ. ಏಳು ತಿಂಗಳು ಎಂದು ಅವನ ಬಾಯಿ ಮೆಲ್ಲಗೆ ಆಡಿದ್ದು ಕಂಡಿತು. ನಾನು ತಲೆ ತಗ್ಗಿಸಲಿಲ್ಲ, ಆ ಹೊತ್ತಿಗೆ ಅದಕ್ಕೂ ಶಕ್ತಿ ಇರಲಿಲ್ಲ. ಅತ್ತೆ ಪಕ್ಕದ ಕುರ್ಚಿಯಲ್ಲಿ, ಇನ್ನೂ ಮಲಗಿದ್ದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ಈಗ ಬೀಳುತ್ತದೆ ಬೈಗುಳ ಎಂದು ಕಾದೆ. ಅವರು ಮಗುವಿನ ತಲೆಯ ಮೇಲೆ ಅಂಟಿದ್ದ ಗೋಂದನ್ನು ಉಗುರಿನಿಂದ ಕೀಳುತ್ತಾ, ಯಾರ ಮುಖವನ್ನೂ ನೋಡದೆ ಮೇಡಂಗೆ ಹೇಳಿದರು.

"ಅವ್ಳೊಬ್ಬುಳ್ದೇ ಬರ್ಕಬ್ಯಾಡಿ. ಗುಬ್ಬೀಲಿ ಆ ಫೋಟೋದವ್ನು ಕನ್ನಡಿ ಹಿಂದ್ಗಡೆಯಿಂದ ಚಪ್ಪಾಳೆ ಹೊಡ್ದಾಗ್ಲೇ ನಂಗೂ ಗೊತ್ತಾಯ್ತು."